ಹೊಸ ಲಾ ಫರ್ಮ್‌ಗೆ ಒಳ್ಳೇ ಹೆಸರಿದೆ, ಕೇಸ್ ಕೊಡಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಒಂದು ಕಂಪನಿಗೆ ಬಿಡಿಭಾಗ ಮಾಡಿಕೊಟ್ಟೆ, 18 ಲಕ್ಷ ಬಾಕಿ ನಿಂತಿದೆ. ಬಿಲ್ಲುಗಳಿಗೆ ಎರಡು ವರ್ಷ ದಾಟಿತು. ವಾಣಿಜ್ಯ ವ್ಯಾಜ್ಯಗಳನ್ನು ಮಾತ್ರ ನಡೆಸುವ ಒಂದು ಹೊಸ ಲಾ ಫರ್ಮ್ ಹೆಸರು ಈಗ ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಶುರುವಾಗಿ ಮೂರು ವರ್ಷವೂ ಆಗಿಲ್ಲ. ತಂದೆಯ ಕಾಲದಿಂದ ನಮ್ಮ ಕೆಲಸ ನೋಡುತ್ತಿರುವ ವಕೀಲರನ್ನು ಬಿಟ್ಟು ಅಲ್ಲಿಗೆ ಹೋಗಬಹುದಾ?

ಉತ್ತರ: ಹೋಗಿ ಮಾತಾಡಿ, ತಪ್ಪೇನಿಲ್ಲ. ವಕಾಲತ್ತಿಗೆ ಸಹಿ ಹಾಕುವ ಮುಂಚೆ ಮಾತ್ರ ಆ ಹೆಸರು ಎಲ್ಲಿಂದ ಬಂತು ಅಂತ ನೀವೇ ನೋಡಿಕೊಳ್ಳಿ.

ಇಂಥ ಫರ್ಮ್‌ಗಳು ಬೇಗ ಹೆಸರು ಮಾಡೋದಕ್ಕೆ ಕಾರಣ ಇದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಮೊದಲು 1 ಕೋಟಿ ರೂಪಾಯಿ ಮೇಲಿನ ವ್ಯಾಜ್ಯಗಳಿಗಷ್ಟೇ ಇತ್ತು. 2018ರಲ್ಲಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. ನಿಮ್ಮಂಥ ಸಣ್ಣ ಕಾರ್ಖಾನೆಯವರ ಬಾಕಿ ಕೇಸುಗಳೂ ಅದರೊಳಗೆ ಬಂದವು. ಅಲ್ಲಿನ ನಿಯಮಗಳು ಬಿಗಿ. ಸಮನ್ಸ್ ಮುಟ್ಟಿ 120 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ಬರಹದ ಉತ್ತರ, ಹಾಕದಿದ್ದರೆ ಆ ಹಕ್ಕೇ ಹೋಗುತ್ತದೆ. ಮಾಮೂಲಿ ಸಿವಿಲ್ ಕೇಸಿನ ಅಭ್ಯಾಸದಲ್ಲಿ "ಮುಂದಿನ ವಾಯಿದೆಗೆ ಹಾಕೋಣ ಬಿಡಿ" ಅನ್ನುವವರು ಇಲ್ಲಿ ಎಡವುತ್ತಾರೆ, ದಿನಾ ಇದನ್ನೇ ಮಾಡುವವರು ಎಡವೋದು ಕಡಿಮೆ.

ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ ಅನ್ನೋದನ್ನು ಗಮನಿಸಿ. ಒಬ್ಬ ಫೌಂಡ್ರಿ ಮಾಲೀಕರು ನನ್ನ ಹತ್ತಿರ ಮೇಲ್ಮನವಿಗೆ ಬಂದಿದ್ದರು. ಮೊದಲಿನ ವಕೀಲರು ಬಿಲ್ಲುಗಳನ್ನಷ್ಟೇ ಹಾಕಿ ದಾವೆ ಹೂಡಿದ್ದರು. ಪಾಟಿ ಸವಾಲಿನಲ್ಲಿ ಎದುರಿನವರು "ಮಾಲು ಬಂದೇ ಇಲ್ಲ" ಅಂದರು. ಆ ಮಾಲೀಕರ ಮನೆಯಲ್ಲಿ, ಬೀರುವಿನ ಮೇಲಿದ್ದ ಬಿಸ್ಕತ್ ಡಬ್ಬಿಯಲ್ಲಿ ಡೆಲಿವರಿ ಚಲನ್‌ಗಳ ಕಟ್ಟು ಇತ್ತು, ಪ್ರತಿಯೊಂದರ ಹಿಂದೆ ಎದುರಿನ ಕಂಪನಿ ಸ್ಟೋರ್‌ನ ನೇರಳೆ ಸೀಲು ಮತ್ತು ಸಹಿ. ಅದನ್ನು ತನ್ನಿ ಅಂತ ಯಾರೂ ಕೇಳಿರಲಿಲ್ಲ. ವಾಣಿಜ್ಯ ಕೋರ್ಟಿನಲ್ಲಿ ಕೈಯಲ್ಲಿರುವ ದಾಖಲೆ ಎಲ್ಲವನ್ನೂ ದಾವೆಯ ಜೊತೆಗೇ ಹಾಕಬೇಕು, ಆಮೇಲೆ ತರೋದು ತುಂಬಾ ಕಷ್ಟ. ಆದ್ದರಿಂದ ಚಲನ್ ಎಲ್ಲಿ, ಇಮೇಲ್ ಎಲ್ಲಿ, ವಾಟ್ಸಾಪ್ ಮೆಸೇಜ್ ಇರುವ ಫೋನ್ ಇನ್ನೂ ಇದೆಯಾ ಅಂತ ಪೀಡಿಸುವ ವಕೀಲರು ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ವಿಷಯ. ನಿಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಕೆಳಗೆ ಸಣ್ಣ ಉದ್ದಿಮೆಗಳ ಬಾಕಿ ತಕರಾರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುವ ದಾರಿಯೂ ಇದೆ. ಕರಾರು ಏನೇ ಇರಲಿ, 45 ದಿನ ಮೀರಿದ ಬಾಕಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಕೋರ್ಟಿಗೇ ಹೋಗುವುದಾದರೆ, ತಡೆಯಾಜ್ಞೆಯಂಥ ತುರ್ತು ಮಧ್ಯಂತರ ಪರಿಹಾರ ಬೇಡದ ಕೇಸುಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ಇಲ್ಲದಿದ್ದರೆ ದಾವೆಯೇ ತಿರಸ್ಕೃತವಾಗುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಈ ಎರಡನ್ನೂ ನೀವು ಕೇಳುವ ಮುಂಚೆ, ತಮ್ಮ ಫೀಸು ಕಡಿಮೆಯಾದರೂ ಪರವಾಗಿಲ್ಲ ಅಂತ ಆ ಫರ್ಮ್‌ನವರೇ ಬಿಡಿಸಿ ಹೇಳಿದರೆ, ನನ್ನ ಲೆಕ್ಕದಲ್ಲಿ ಅವರ ಹೆಸರು ನಿಜವಾದದ್ದು.

ಆಮೇಲೆ ನೇರವಾಗಿ ಕೇಳಿ: ಪಾಟಿ ಸವಾಲಿನ ದಿನ ಯಾರು ಬರುತ್ತಾರೆ? ಹೆಸರಿರುವ ಪಾಲುದಾರರೋ, ಹೋದ ತಿಂಗಳು ಸೇರಿದ ಜೂನಿಯರೋ? ಜೂನಿಯರ್ ಬಂದರೆ ತಪ್ಪಲ್ಲ, ಎಷ್ಟೋ ಸಲ ಕಡತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅದು ನಿಮಗೆ ಮೊದಲೇ ತಿಳಿದಿರಬೇಕು, ಅಲ್ವಾ? ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರು ಹಾಕಿ ಹುಡುಕಿದರೆ ಅವರ ಕೇಸುಗಳು ಸಿಗುತ್ತವೆ. ಒಂದು ಭಾನುವಾರ ಕೂತು ನಾಲ್ಕೈದು ಕೇಸಿನ ಆದೇಶ ಓದಿ. ವಾಯಿದೆ ಕೇಳಿದ್ದು ಯಾರು ಅಂತ ಅದರಲ್ಲೇ ಕಾಣುತ್ತದೆ.

ಹಳೆಯ ವಕೀಲರ ಜೊತೆ ಮುನಿಸು ಬೇಡ. ವಿಷಯ ಹೇಳಿ, ಕಾಗದಪತ್ರ ಗೌರವದಿಂದ ಕೇಳಿ ತೆಗೆದುಕೊಳ್ಳಿ.

ದಯವಿಟ್ಟು ತಡ ಮಾಡಬೇಡಿ. ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷ ಮಾತ್ರ ಸಮಯ. ಅಷ್ಟರೊಳಗೆ "ಇಷ್ಟು ಬಾಕಿ ಇದೆ" ಅಂತ ಎದುರಿನವರು ಸಹಿ ಮಾಡಿದ ಪತ್ರ ಕೊಟ್ಟರೆ ಆ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಈ ವಾರವೇ ಹಳೆಯ ಬಿಲ್ಲಿನ ತಾರೀಕು ನೋಡಿ.

ಪ್ರಶ್ನೆ: ಗೆದ್ದ ಹಣದಲ್ಲಿ ಶೇ. 10 ಕೊಡಿ, ಈಗ ಫೀಸು ಬೇಡ ಅಂತ ಒಬ್ಬ ವಕೀಲರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಬೇಡ. ಕೇಸಿನ ಫಲದ ಮೇಲೆ ಫೀಸು ನಿಗದಿ ಮಾಡುವುದನ್ನು ವಕೀಲರ ಮೇಲೆ ನಿಗಾ ಇಡುವ ಬಾರ್ ಕೌನ್ಸಿಲ್‌ನ ನಿಯಮ ನಿಷೇಧಿಸಿದೆ. ಜಾಹೀರಾತು ಕೊಟ್ಟು ಕೇಸು ಹಿಡಿಯುವುದಕ್ಕೂ ನಿಷೇಧ ಇದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಸುಮ್ನೆ ಹಾಗಂತ ಹೇಳಿ, ಹಂತ ಹಂತವಾಗಿ ಇಷ್ಟಿಷ್ಟು ಅಂತ ಮಾತಾಡಿ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪುವ ವಕೀಲರು ಖಂಡಿತ ಇದ್ದಾರೆ.