ಆಟೋಕ್ಯಾಡ್ ಶಾರ್ಟ್‌ಕಟ್ ಹಾಳೆ ಬಾಯಿಪಾಠ ಮಾಡಿದರೆ ಸಾಕಾ?

ನೂರಕ್ಕೂ ಹೆಚ್ಚು ಕಮಾಂಡ್ ಇರುವ ಎರಡು ಪುಟದ ಹಾಳೆ ಸಿಕ್ಕಿದೆ, ಬಾಯಿಪಾಠ ಮಾಡಿದರೆ ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಬರುತ್ತದಾ ಅಂತ ಕೇಳಿದ್ದೀರಿ. ಬರುವುದಿಲ್ಲ. ಹಾಳೆ ಹೇಳುವುದು ಕಮಾಂಡಿನ ಹೆಸರು ಮಾತ್ರ. ಎಂಟರ್ ಒತ್ತಿದ ಮೇಲೆ ಸಾಫ್ಟ್‌ವೇರ್ ನಿಮ್ಮನ್ನು ಏನು ಕೇಳುತ್ತಿದೆ ಅನ್ನುವುದು ಪರದೆಯ ಕೆಳಗಿನ ಕಮಾಂಡ್ ಲೈನ್‌ನಲ್ಲಿ ಇರುತ್ತದೆ. ಅದನ್ನು ಓದುವ ಅಭ್ಯಾಸವೇ ನಿಜವಾದ ಕಲಿಕೆ. ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಕೋಣೆ ಬರೆಯಿರಿ, ಬೇಕಾದ ಕಮಾಂಡ್ ಮಾತ್ರ ಹುಡುಕಿ.

ಹೊಸ ಫೈಲ್ ತೆರೆಯುವಾಗ ಮಿಲಿಮೀಟರಿನ ಅಕ್ಯಾಡ್‌ಐಸೊ ಟೆಂಪ್ಲೇಟ್ ಆರಿಸಿ. ಆರ್‌ಇಸಿ (ರೆಕ್ಟಾಂಗಲ್, ಆಯತ), ಎಂಟರ್, ಎಲ್ಲಾದರೂ ಒಂದು ಕ್ಲಿಕ್, ಆಮೇಲೆ @3000,3600. @ ಅಂದರೆ ಆ ಕ್ಲಿಕ್ಕಿನಿಂದ ಅಳೆ ಅಂತ. ಎಫ್12ರ ಡೈನಮಿಕ್ ಇನ್‌ಪುಟ್ (ಕರ್ಸರ್ ಪಕ್ಕದಲ್ಲೇ ಅಳತೆ ಟೈಪ್ ಮಾಡುವ ಸೌಲಭ್ಯ) ಆಫ್ ಇದ್ದಾಗ @ ಮರೆತರೆ ಅಳತೆ ಮೂಲಬಿಂದುವಿನಿಂದ ಲೆಕ್ಕವಾಗಿ ಕೋಣೆ ಬೇರೆಯೇ ಗಾತ್ರಕ್ಕೆ ಬರುತ್ತದೆ. ಈಗ ಓ (ಆಫ್‌ಸೆಟ್, ಕೊಟ್ಟ ದೂರದಲ್ಲಿ ಸಮಾನಾಂತರ ನಕಲು), 230, ಆ ಆಯತವನ್ನು ಆರಿಸಿ ಹೊರಗಡೆ ಕ್ಲಿಕ್ ಮಾಡಿ: ಒಂಬತ್ತು ಇಂಚಿನ ಗೋಡೆ ಸಿದ್ಧ. ರೆಕ್ಟಾಂಗಲ್ ಒಂದೇ ಪಾಲಿಲೈನ್ (ಕೂಡಿಕೊಂಡ ಗೆರೆಗಳ ಒಂದೇ ವಸ್ತು) ಆದ್ದರಿಂದ ಮೂಲೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಬಿಡಿ ಲೈನ್‌ಗಳಲ್ಲಿ ಎಳೆದಿದ್ದರೆ ನಾಲ್ಕೂ ಮೂಲೆ ಬಾಯಿ ಬಿಟ್ಟಿರುತ್ತಿದ್ದವು.

ಬಾಗಿಲಿಗೆ ಜಾಗ ಮಾಡಲು ಒಳಗಿನ, ಹೊರಗಿನ ಎರಡೂ ಆಯತಗಳನ್ನು ಎಕ್ಸ್ (ಎಕ್ಸ್‌ಪ್ಲೋಡ್) ಕೊಟ್ಟು ಬಿಡಿ ಗೆರೆಗಳಾಗಿ ಬಿಡಿಸಿ. ಹೊರಗಿನ ಎಡಗೆರೆಯನ್ನು ಬಲಕ್ಕೆ 380 ಆಫ್‌ಸೆಟ್ ಮಾಡಿ, ಅಂದರೆ ಗೋಡೆಯ 230, ಮೂಲೆ ಬಿಟ್ಟು 150. ಬಂದ ಗೆರೆಯನ್ನು ಮತ್ತೆ ಬಲಕ್ಕೆ 900. ಟಿಆರ್ (ಟ್ರಿಮ್) ಕೊಟ್ಟು ಕೆಳಗಿನ ಗೋಡೆಯಲ್ಲಿ ಆ ಎರಡರ ನಡುವಿನ ತುಂಡುಗಳನ್ನೂ, ಕೋಣೆಯೊಳಗೆ ಹಾದ ಗೆರೆಗಳನ್ನೂ ಕತ್ತರಿಸಿ. ಮೇಲಿನ ಗೋಡೆಯೊಳಗೆ ಉಳಿದ ಚೂರುಗಳನ್ನು ಇ (ಇರೇಸ್) ಕೊಟ್ಟು ಅಳಿಸಿ.

ಇಲ್ಲಿ ಹಳೆಯ ಹಾಳೆಗಳು ಕೈಕೊಡುತ್ತವೆ. ಟಿಆರ್ ಕೊಟ್ಟು ಎರಡು ಸಲ ಎಂಟರ್ ಒತ್ತಿ ಅಂತ ಅವುಗಳಲ್ಲಿರುತ್ತದೆ. 2021ರ ಆವೃತ್ತಿಯಿಂದ ಟ್ರಿಮ್ ಕ್ವಿಕ್ ಮೋಡ್‌ನಲ್ಲೇ (ಕತ್ತರಿಸುವ ಅಂಚನ್ನು ಮೊದಲು ಆರಿಸದೆ ನೇರ ಕತ್ತರಿಸುವ ರೀತಿ) ಶುರುವಾಗುವುದರಿಂದ ಎರಡನೇ ಎಂಟರ್ ಕಮಾಂಡನ್ನೇ ಮುಗಿಸಿಬಿಡುತ್ತದೆ. ಹಳೆಯ ರೀತಿಯೇ ಬೇಕಿದ್ದರೆ ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ ಅಂತ ಟೈಪ್ ಮಾಡಿ 0 ಕೊಡಿ. ಹಾಳೆ ಯಾವ ಆವೃತ್ತಿಯದು ಅಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಡಿಎಲ್‌ಐ (ನೇರ ಅಳತೆ ಬರೆಯುವ ಕಮಾಂಡ್) ಕೊಟ್ಟು ಅಳತೆ ಹಾಕಿದರೆ ಗೆರೆ ಕಾಣುತ್ತದೆ, ಅಂಕಿ ಕಾಣುವುದಿಲ್ಲ. ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ, ಯಾವ ಹಾಳೆಯೂ ಕಾರಣ ಹೇಳುವುದಿಲ್ಲ. ಆ ಟೆಂಪ್ಲೇಟ್‌ನಲ್ಲಿ ಅಕ್ಷರದ ಎತ್ತರ 2.5 ಮಿಮೀ. ಮೂರು ಮೀಟರ್ ಕೋಣೆಯ ಮುಂದೆ ಅದು ಚುಕ್ಕೆಯಷ್ಟೂ ಕಾಣುವುದಿಲ್ಲ. ನಾವು ಬರೆಯುವುದು ಯಾವಾಗಲೂ ನಿಜ ಅಳತೆಯಲ್ಲಿ, ಪ್ರಿಂಟ್ 1:100 ಆದರೆ ಅಕ್ಷರ 250 ಇರಬೇಕು. ಡಿ (ಡೈಮೆನ್ಷನ್ ಸ್ಟೈಲ್), ಮಾಡಿಫೈ, ಫಿಟ್ ಟ್ಯಾಬ್, ಓವರ್‌ಆಲ್ ಸ್ಕೇಲ್ 100 ಮಾಡಿ. ಬಾಣದ ಗುರುತೂ ಅದರ ಜೊತೆಗೇ ದೊಡ್ಡದಾಗುತ್ತದೆ.

ಪ್ರತಿ ಕಮಾಂಡಿನ ಪಕ್ಕ ಪೆನ್ಸಿಲ್‌ನಲ್ಲಿ ಅದು ಕೇಳುವುದನ್ನು ಕ್ರಮವಾಗಿ ಬರೆದಿಡಿ: ಓ ಅಂದರೆ ದೂರ, ವಸ್ತು, ಯಾವ ಕಡೆ. ಸ್ಟ್ರೆಚ್‌ನ ಎಸ್ ಪಕ್ಕ ಬಲದಿಂದ ಎಡಕ್ಕೆ ಹಸಿರು ಕಿಟಕಿ ಎಳೆಯಬೇಕು ಅಂತ ತಪ್ಪದೆ ಬರೆಯಿರಿ. ಎಡದಿಂದ ಬಲಕ್ಕೆ ಎಳೆದ ನೀಲಿ ಕಿಟಕಿಯೊಳಗೆ ಪೂರ್ತಿ ಬಂದ ವಸ್ತು ಹಿಗ್ಗುವುದಿಲ್ಲ, ಇಡೀ ಸರಿಯುತ್ತದೆ.

ಆಫೀಸಿನ ಕಂಪ್ಯೂಟರಿನಲ್ಲಿ ಸಿ ಒತ್ತಿದಾಗ ಸರ್ಕಲ್ ಬದಲು ಕಾಪಿ ಬಂದರೆ ಗಾಬರಿ ಬೇಡ, ಯಾರೋ ಅಲಿಯಾಸ್ (ಕಮಾಂಡಿನ ಚಿಕ್ಕ ಹೆಸರು) ಬದಲಿಸಿದ್ದಾರೆ. ಮ್ಯಾನೇಜ್ ಟ್ಯಾಬ್‌ನ ಎಡಿಟ್ ಅಲಿಯಾಸಸ್‌ನಲ್ಲಿ, ಆ ಹೆಸರುಗಳನ್ನು ಬರೆದಿಟ್ಟಿರುವ ಪಿಜಿಪಿ ಫೈಲ್ ತೆರೆದು ನೋಡಿ. ನೀವೇ ಬದಲಿಸಿದರೆ ಸೇವ್ ಮಾಡಿ ರೀಇನಿಟ್ ಕೊಟ್ಟು ಪಿಜಿಪಿ ಟಿಕ್ ಮಾಡಿ, ಇಲ್ಲದಿದ್ದರೆ ಮುಂದಿನ ಸಲ ಆಟೋಕ್ಯಾಡ್ ತೆರೆಯುವವರೆಗೂ ಹಳೆಯದೇ ನಡೆಯುತ್ತದೆ.