ಹೊಸ ಮುಳ್ಳಿನ ಬೆಲೆ

ಪ್ರಶ್ನೆ: ನನಗೆ 59 ವರ್ಷ, ವಾಸ ಧಾರವಾಡದಲ್ಲಿ. ತಂದೆಯವರು ಬಿಟ್ಟುಹೋದ ಲಾಂಗ್‌ಪ್ಲೇ ರೆಕಾರ್ಡುಗಳನ್ನೂ ಕೆಲವು 78 ಆರ್‌ಪಿಎಂ ಪ್ಲೇಟುಗಳನ್ನೂ ಸಂಜೆಯ ಹೊತ್ತು ಮುಳ್ಳು ಬದಲಿಸಿಕೊಂಡು ಕೇಳುತ್ತೇನೆ. ಈಗಿರುವುದು ಸಾಧಾರಣ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ). ಅದನ್ನು ಮಾರಿ ಡೆನಾನ್ ಡಿಎಲ್-103 ಎಂಬ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಕೊಳ್ಳಬೇಕೆಂದು ಗೆಳೆಯರೊಬ್ಬರು ಒತ್ತಾಯಿಸುತ್ತಿದ್ದಾರೆ. ಚೆನ್ನಾಗಿಯೇ ಹಾಡುತ್ತಿರುವಾಗ ಖರ್ಚೇಕೆ ಎಂಬುದು ಹೆಂಡತಿಯ ಆಕ್ಷೇಪ. ಗೆಳೆಯ ಉಡುಗೊರೆ ಕೊಟ್ಟನೆಂದು ಹೇಳಿ ತಂದುಬಿಡಲೇ?

ಉತ್ತರ: ಉಡುಗೊರೆಯ ಕತೆ ಬೇಡ, ಅದು ಒಂದಕ್ಕೆ ನಿಲ್ಲುವುದಿಲ್ಲ. ಮೂವಿಂಗ್ ಕಾಯಿಲ್‌ನಲ್ಲಿ ಮುಳ್ಳಿನ ಕಡ್ಡಿಯ ಹಿಂಬದಿಗೆ, ನಿಮ್ಮದರಲ್ಲಿರುವ ಅಯಸ್ಕಾಂತದ ಬದಲು, ಕೂದಲಿಗಿಂತ ತೆಳುವಾದ ತಂತಿಯ ಸುರುಳಿಯನ್ನೇ ಕಟ್ಟಿರುತ್ತಾರೆ. ಅಲುಗುವ ಭಾಗ ಹಗುರವಾದ್ದರಿಂದ ತಂಬೂರಿಯ ಝೇಂಕಾರದಂತಹ ಸೂಕ್ಷ್ಮಗಳು ಬಿಡಿಬಿಡಿಯಾಗಿ ಕೇಳುತ್ತವೆಂಬುದು ನಿಜವಾದರೂ, ಸುತ್ತುಗಳು ಕಡಿಮೆಯಾದ್ದರಿಂದ ಹೊರಡುವ ವಿದ್ಯುತ್ತು ಅತ್ಯಲ್ಪ. ಜಪಾನಿನ ಎನ್‌ಎಚ್‌ಕೆ ಬಾನುಲಿಗಾಗಿ 1960ರ ದಶಕದಲ್ಲಿ ರೂಪುಗೊಂಡ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್; ನಿಮ್ಮ ಹಳೆಯ ಬಗೆಯದು ಸಾಮಾನ್ಯವಾಗಿ 4ರಿಂದ 5 ಕೊಡುತ್ತದೆ. ನಿಮ್ಮ ಆಂಪ್ಲಿಫೈಯರಿನಲ್ಲಿ ಮೂವಿಂಗ್ ಕಾಯಿಲ್‌ಗೆ ಬೇರೆ ಗುಂಡಿ ಇಲ್ಲದಿದ್ದರೆ, ಈ ಅಲ್ಪ ವಿದ್ಯುತ್ತನ್ನು ಹಿಗ್ಗಿಸುವ ಒಂದು ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರನ್ನೋ ಪ್ರತ್ಯೇಕ ಫೋನೋ ಪ್ರಿಆಂಪ್ಲಿಫೈಯರನ್ನೋ ಕೊಳ್ಳಬೇಕಾಗುತ್ತದೆ, ಅದು ಕಾರ್ಟ್ರಿಜ್‌ಗಿಂತ ದುಬಾರಿಯೂ ಆಗಬಹುದು. ಅಲ್ಲಿಗೆ ಎರಡನೆಯ ಉಡುಗೊರೆ. ಮುಳ್ಳು ಸವೆದಾಗ ಈಗಿನಂತೆ ಅದೊಂದನ್ನೇ ಕಿತ್ತು ಬೇರೆಯದನ್ನು ಸಿಕ್ಕಿಸಲಾಗದು, ಇಡೀ ಕಾರ್ಟ್ರಿಜ್ಜನ್ನೇ ಬದಲಿಸಬೇಕು, ಅದು ಮೂರನೆಯದು. ನಮ್ಮ ಮನೆಯಲ್ಲಿ ದೂಳೊರೆಸುವ ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡು, ಕೊಂಡ ಎರಡೇ ತಿಂಗಳಲ್ಲಿ ಕಡ್ಡಿ ಸೊಟ್ಟಗಾಗಿತ್ತು. ಒರೆಸಿದವನು ನಾನೇ ಆದ್ದರಿಂದ ಬೈಯಲು ಯಾರೂ ಸಿಗಲಿಲ್ಲ.

ಕೊಳ್ಳುವುದೇ ಆದರೆ ಅದೇ ಕಂಪನಿಯ ಡಿಎಲ್-110 ನಿಮಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಅದೂ ಮೂವಿಂಗ್ ಕಾಯಿಲ್ಲೇ, ಆದರೆ 1.6 ಮಿಲಿವೋಲ್ಟ್ ಕೊಡುವುದರಿಂದ ಈಗಿನ ಆಂಪ್ಲಿಫೈಯರಿನ ಸಾಮಾನ್ಯ ಫೋನೋ ಕಿಂಡಿಯೇ (ರೆಕಾರ್ಡ್ ಪ್ಲೇಯರಿನ ತಂತಿ ಸಿಕ್ಕಿಸುವ ಜಾಗ) ಸಾಕು. ಡಿಎಲ್-103 ಮುಳ್ಳಿನ ಬಿಗಿ ಹೆಚ್ಚು, 2.5 ಗ್ರಾಂ ಒತ್ತಡ ಬೇಡುವ ಅದು, ಕಾರ್ಟ್ರಿಜ್ ಹೊತ್ತಿರುವ ತೋಳು ಭಾರವಾಗಿದ್ದರೆ, ಚೆನ್ನಾಗಿ ನಡೆಯುತ್ತದೆ. 110ಕ್ಕೆ 1.8 ಗ್ರಾಂ ಸಾಕು, ತೋಳಿನ ವಿಷಯದಲ್ಲಿ ಅಷ್ಟು ಹಟವಿಲ್ಲ.

ಹಳೆಯದನ್ನು ಮಾತ್ರ ಮಾರಬೇಡಿ. 78ರ ಗೀರು ಅಗಲವಾದದ್ದು, ಅದಕ್ಕೆ ದಪ್ಪ ತುದಿಯ ಮುಳ್ಳೇ ಬೇಕು. ಅಂಥದನ್ನು ಸಿಕ್ಕಿಸುವ ಅನುಕೂಲವಿರುವುದು ನಿಮ್ಮ ಹಳೆಯ ಕಾರ್ಟ್ರಿಜ್‌ನಲ್ಲಿ ಮಾತ್ರ. ಅದನ್ನು ಕಳೆದುಕೊಂಡರೆ ತಂದೆಯವರ ಪ್ಲೇಟುಗಳು ಮೂಕವಾಗುತ್ತವೆ.

ಮನೆಯವರ ಆಕ್ಷೇಪಕ್ಕೆ ತಕ್ಕ ಉತ್ತರ ಅವರ ಕಿವಿಯಲ್ಲೇ ಇದೆ. ಬೆಲೆಯನ್ನು ಇದ್ದಂತೆ ಹೇಳಿ, ಎಲ್ಲಾದರೂ ಡಿಎಲ್-110 ಕೇಳಲು ಸಿಗುವಂತಿದ್ದರೆ ನಿಮ್ಮ ಹಳೆಯದನ್ನೂ ಒಯ್ದು, ಅವರಿಗೆ ಪ್ರಿಯವಾದ ಒಂದೇ ಲಾಂಗ್‌ಪ್ಲೇ ರೆಕಾರ್ಡನ್ನು ಎರಡರಲ್ಲೂ ಕೇಳಿಸಿ. ಹೊಸದರ ದನಿ ಮೊದಲಿಗೆ ಸಣ್ಣದಾಗಿ ತೋರುತ್ತದೆ, ವಾಲ್ಯೂಮ್ ಏರಿಸಿ ಸಮ ಮಾಡಿಕೊಂಡ ಮೇಲೆ ಹೋಲಿಸಿ. ಆಗಲೂ ಅವರಿಗೆ ವ್ಯತ್ಯಾಸ ಕೇಳಿಸದೆ, ನಿಮಗೂ ಅನುಮಾನವಾದರೆ, ಹಳೆಯ ಕಾರ್ಟ್ರಿಜ್‌ಗೆ ಒಂದು ಹೊಸ ಲಾಂಗ್‌ಪ್ಲೇ ಮುಳ್ಳನ್ನು ತಂದು ಸಿಕ್ಕಿಸಿ.