ಮಳೆಯಲ್ಲಿ ಹೆಡ್‌ಲೈಟ್: ನಮಗೆ ಕಾಣಲೋ, ನಾವು ಕಾಣಲೋ?

ಮಳೆಗಾಲದ ಚಾಲನೆಯನ್ನು ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ದೀಪಗಳನ್ನೇ ಕುರಿತವಾಗಿದ್ದುದರಿಂದ ಈ ಬಾರಿ ಅವನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹಗಲಿನಲ್ಲಿ ಮಳೆ ಬರುವಾಗ ಹೆಡ್‌ಲೈಟ್ ಹಾಕಿಕೊಂಡು ಹೋದರೆ, ಎದುರಿನಿಂದ ಬರುವವರು ಬೆರಳುಗಳನ್ನು ಮಡಚಿ ಬಿಡಿಸಿ ‘ದೀಪ ಉರಿಯುತ್ತಿದೆ’ ಎಂದು ಸನ್ನೆ ಮಾಡುತ್ತಾರೆ. ನನಗೂ ದೀಪವಿಲ್ಲದೆಯೇ ರಸ್ತೆ ಸಾಕಷ್ಟು ಕಾಣುತ್ತದೆ. ಹಗಲಿನ ಮಳೆಗೆ ಹೆಡ್‌ಲೈಟ್ ನಿಜಕ್ಕೂ ಅಗತ್ಯವೇ?

ಉತ್ತರ: ಅಗತ್ಯ. ‘ನನಗೆ ಕಾಣುತ್ತದೆ’ ಎಂಬ ನಿಮ್ಮ ಮಾತಿನಲ್ಲೇ ಗೊಂದಲದ ಮೂಲವಿದೆ. ಹಗಲಿನ ಮಳೆಯಲ್ಲಿ ಹೆಡ್‌ಲೈಟ್ ಹಾಕುವುದು ನಮಗೆ ರಸ್ತೆ ಕಾಣಲೆಂದಲ್ಲ, ರಸ್ತೆಯಲ್ಲಿರುವ ಇತರರಿಗೆ ನಾವು ಕಾಣಲೆಂದು. ನೀವು ನೋಡುತ್ತಿರುವ ಮುಂಗಾಜನ್ನು ವೈಪರ್ ಬಿಡದೆ ಒರೆಸುತ್ತಿರುತ್ತದೆ. ಆದರೆ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಇಳಿಯಲು ಕಾಯುತ್ತಿರುವ ಚಾಲಕರು ನಿಮ್ಮನ್ನು ನೋಡಬೇಕಾದದ್ದು ಪಕ್ಕದ ಕಿಟಕಿಯ ಮೂಲಕ, ಅದಕ್ಕೆ ವೈಪರ್ ಇರುವುದಿಲ್ಲ. ನಿಮ್ಮ ಮುಂದಿರುವ ಕಾರಿನವರು ನಿಮ್ಮನ್ನು ನೋಡುವುದು ಹನಿಗಳು ಕೂತ ಕನ್ನಡಿಯಲ್ಲಿ. ಹೆಲ್ಮೆಟ್ಟಿನ ಗಾಜಿನ ಮೇಲೆ ನೀರು ಇಳಿಯುತ್ತಿರುವಾಗ ಬೈಕ್ ಓಡಿಸುವವರ ಪಾಡನ್ನಂತೂ ಹೇಳುವುದೇ ಬೇಡ. ಇವರೆಲ್ಲರ ಪಾಲಿಗೆ ಬೂದು ಬಣ್ಣದ ಆಕಾಶದ ಕೆಳಗೆ ಬೂದು ಬಣ್ಣದ ರಸ್ತೆಯಲ್ಲಿ ಬರುವ ಬೆಳ್ಳಿ ಬಣ್ಣದ ಕಾರು ತೀರ ಹತ್ತಿರಕ್ಕೆ ಬರುವವರೆಗೂ ಮಳೆಯ ಒಂದು ಭಾಗವೇ ಆಗಿರುತ್ತದೆ.

ಎದುರುಬದುರಾಗಿ ಬರುವ ಎರಡು ವಾಹನಗಳು ತಲಾ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಅವುಗಳ ನಡುವಿನ ದೂರ ಪ್ರತಿ ಸೆಕೆಂಡಿಗೆ 33 ಮೀಟರ್ ಕಡಿಮೆಯಾಗುತ್ತದೆ. ಲಾರಿಯೊಂದನ್ನು ಹಿಂದಿಕ್ಕಲು ಹೊರಟವರಿಗೆ ನಿಮ್ಮ ದೀಪ ಮೂರು ಸೆಕೆಂಡು ಮೊದಲೇ ಕಂಡರೆ, ಯೋಚನೆ ಬದಲಿಸಲು ಅವರಿಗೆ ಹೆಚ್ಚುಕಡಿಮೆ 100 ಮೀಟರ್ ದಕ್ಕಿದಂತಾಯಿತು. ಸ್ವೀಡನ್ನಿನಲ್ಲಿ 1977ರಿಂದಲೇ ಬಿಸಿಲಿರಲಿ ಮಳೆಯಿರಲಿ ದೀಪ ಉರಿಸಿಕೊಂಡೇ ವಾಹನ ಓಡಿಸಬೇಕೆಂಬ ನಿಯಮವಿದೆ. ಅಮೆರಿಕದ ಹಲವು ರಾಜ್ಯಗಳ ಕಾನೂನು, ವೈಪರ್ ಓಡುತ್ತಿದ್ದರೆ ಹೆಡ್‌ಲೈಟೂ ಉರಿಯುತ್ತಿರಬೇಕು ಎನ್ನುತ್ತದೆ. ಈ ಎರಡನೆಯದು ನೆನಪಿಡಲು ಸುಲಭವಾದ್ದರಿಂದ, ನಿಮ್ಮ ಊರಿನ ಕಾನೂನು ಏನೇ ಹೇಳಲಿ, ರೂಢಿಸಿಕೊಳ್ಳಲು ಅಡ್ಡಿಯಿಲ್ಲ.

ಹಾಕಬೇಕಾದದ್ದು ಡಿಮ್ ದೀಪವನ್ನು ಮಾತ್ರ. ಪಾರ್ಕಿಂಗ್ ಲೈಟ್ ಸಾಕು ಎಂದುಕೊಳ್ಳುವವರೂ ಇದ್ದಾರೆ. ಸಾಮಾನ್ಯವಾಗಿ 5 ವಾಟ್‌ನ ಬಲ್ಬಿರುವ ಆ ದೀಪ ಇರುವುದು ನಿಂತ ವಾಹನವನ್ನು ತೋರಿಸಲು, ಓಡುವ ವಾಹನವನ್ನಲ್ಲ. ಇನ್ನು ಸನ್ನೆ ಮಾಡುವವರ ವಿಷಯ: ಅವರು ನಿಮ್ಮ ದೀಪವನ್ನು ಗಮನಿಸಿದ್ದಾರೆ ಎಂದರೆ ನಿಮ್ಮನ್ನೂ ಗಮನಿಸಿದ್ದಾರೆ ಎಂದೇ ಅರ್ಥ. ಮುಗುಳ್ನಕ್ಕು ಮುಂದೆ ಸಾಗಿ.

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ಎಂಜಿನ್ ಚಾಲೂ ಮಾಡಿದೊಡನೆ ಮುಂದಿನ ಎಲ್ಇಡಿ ಪಟ್ಟಿ ತಾನಾಗಿಯೇ ಉರಿಯುತ್ತದೆ. ಸ್ವಿಚ್ಚನ್ನೂ ‘ಆಟೋ’ದಲ್ಲೇ ಇಟ್ಟಿದ್ದೇನೆ. ಮಳೆಯಲ್ಲಿ ಬೇರೆ ಏನಾದರೂ ಮಾಡಬೇಕೇ?

ಉತ್ತರ: ಮಾಡಬೇಕು. ನೀವು ಹೇಳುತ್ತಿರುವುದು ಹಗಲು ದೀಪ, ಅಂದರೆ ಡಿಆರ್‌ಎಲ್. ಐರೋಪ್ಯ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದ ಈ ದೀಪ ಈಗ ಬಹಳ ಕಡೆ ಸಾಮಾನ್ಯವಾಗಿದೆ. ಆದರೆ ಬಹುಪಾಲು ಕಾರುಗಳಲ್ಲಿ ಇದು ಮುಂದುಗಡೆ ಮಾತ್ರ ಉರಿಯುತ್ತದೆ, ಹಿಂದಿನ ಕೆಂಪು ದೀಪಗಳು ಆರಿಯೇ ಇರುತ್ತವೆ. ಮಳೆಯಲ್ಲಿ ನಿಮ್ಮ ಟೈರುಗಳು ಎಬ್ಬಿಸುವ ನೀರಿನ ತುಂತುರು ಹಿಂದಿನಿಂದ ಬರುವವರಿಗೆ ನಿಮ್ಮ ಕಾರನ್ನೇ ಮುಚ್ಚಿಬಿಡುತ್ತದೆ. ಕೆಂಪು ದೀಪ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಕಡೆಯೇ ಕತ್ತಲೆ. ಡ್ಯಾಶ್‌ಬೋರ್ಡ್ ಸದಾ ಬೆಳಗುತ್ತಿರುವ ಇಂದಿನ ಕಾರುಗಳಲ್ಲಿ ಹೆಡ್‌ಲೈಟ್ ಉರಿಯುತ್ತಿದೆ ಎಂದು ಚಾಲಕರು ನಂಬಿಬಿಡುವುದೂ ಸುಲಭ. ಮೊದಲಾಗಿದ್ದರೆ ದೀಪ ಹಾಕುವವರೆಗೂ ಮೀಟರಿನ ಮುಳ್ಳು ಕತ್ತಲಲ್ಲಿರುತ್ತಿತ್ತು, ಅದೇ ಎಚ್ಚರಿಕೆಯಾಗುತ್ತಿತ್ತು.

‘ಆಟೋ’ ವ್ಯವಸ್ಥೆಯನ್ನೂ ಪೂರ್ತಿ ನಂಬುವಂತಿಲ್ಲ. ಅದರ ಸಂವೇದಕ ಅಳೆಯುವುದು ಬೆಳಕನ್ನು. ಮಧ್ಯಾಹ್ನದ ಮಳೆಯಲ್ಲಿ ಆಕಾಶ ಬೆಳ್ಳಗೇ ಇದ್ದರೆ ಅದು ಸುಮ್ಮನಿರುತ್ತದೆ. ವೈಪರಿನೊಂದಿಗೇ ಹೆಡ್‌ಲೈಟ್ ಹೊತ್ತಿಸುವ ಕಾರುಗಳೂ ಇವೆ, ನಿಮ್ಮದು ಅಂಥದ್ದೇ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಇಲ್ಲವಾದರೆ ಮಳೆ ಶುರುವಾದಾಗ ಸ್ವಿಚ್ಚನ್ನು ಕೈಯಿಂದಲೇ ತಿರುಗಿಸುವುದು ವಾಸಿ.

ಪ್ರಶ್ನೆ: ಹಗಲಲ್ಲೂ ದೀಪ ಹಾಕಿದರೆ ಬ್ಯಾಟರಿ ಇಳಿಯುವುದಿಲ್ಲವೇ? ಇಂಧನ ಹೆಚ್ಚು ಖರ್ಚಾಗುವುದಿಲ್ಲವೇ?

ಉತ್ತರ: ಎಂಜಿನ್ ಓಡುತ್ತಿರುವಾಗ ದೀಪಗಳಿಗೆ ವಿದ್ಯುತ್ ಒದಗಿಸುವುದು ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ವಿದ್ಯುತ್ ಜನಕ, ಆದ್ದರಿಂದ ಬ್ಯಾಟರಿ ಇಳಿಯುವುದಿಲ್ಲ. 55 ವಾಟ್‌ನ ಎರಡು ಡಿಮ್ ಬಲ್ಬುಗಳೂ ಹಿಂದಿನ ದೀಪಗಳೂ ಸೇರಿ ಎಂಜಿನ್ನಿನಿಂದ ಎಳೆಯುವುದು ಅರ್ಧ ಅಶ್ವಶಕ್ತಿಗಿಂತ ಕಡಿಮೆ. ಇಂಧನದ ಲೆಕ್ಕದಲ್ಲಿ ಅದು ತೀರ ಅಲ್ಪ. ಕಾರು ನಿಲ್ಲಿಸಿದ ಮೇಲೆ ಆರಿಸಲು ಮರೆತರೆ ಮಾತ್ರ ಕೆಲವೇ ಗಂಟೆಗಳಲ್ಲಿ ಬ್ಯಾಟರಿ ಕೈಕೊಡುತ್ತದೆ.

ಪ್ರಶ್ನೆ: ರಾತ್ರಿ ಮಳೆಯಲ್ಲಿ ನನ್ನ ಹೆಡ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಎಂದೇ ಅನುಮಾನವಾಗುವಷ್ಟು ರಸ್ತೆ ಕಪ್ಪಾಗಿರುತ್ತದೆ, ಬಿಳಿ ಗೆರೆಗಳೂ ಕಾಣುವುದಿಲ್ಲ. ಹೈಬೀಮ್ ಹಾಕಿದರೂ ಪ್ರಯೋಜನವಾಗಲಿಲ್ಲ. ಹೆಚ್ಚು ವಾಟ್‌ನ ಬಲ್ಬನ್ನೋ ಎಲ್ಇಡಿ ಬಲ್ಬನ್ನೋ ಹಾಕಿಸಬಹುದೇ?

ಉತ್ತರ: ಬಲ್ಬಿಗೆ ಹಣ ಹಾಕುವ ಮೊದಲು ಬೆಳಕು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ತಿಳಿದುಕೊಳ್ಳೋಣ. ಒಣಗಿದ ಡಾಂಬರು ರಸ್ತೆಯ ಮೇಲ್ಮೈ ತರಿತರಿಯಾಗಿರುತ್ತದೆ, ಅದರ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ, ಅದರಲ್ಲೊಂದು ಪಾಲು ಹಿಂದಿರುಗಿ ನಮ್ಮ ಕಣ್ಣಿಗೆ ತಲುಪುವುದರಿಂದಲೇ ರಸ್ತೆ ಕಾಣುತ್ತದೆ. ಮಳೆಯ ನೀರು ಆ ತರಿಗಳ ನಡುವಿನ ಸಂದುಗಳನ್ನೆಲ್ಲ ತುಂಬಿ ಮೇಲೊಂದು ನುಣುಪಾದ ಪದರವನ್ನು ಹಾಸಿದಾಗ ರಸ್ತೆ ಕನ್ನಡಿಯಂತಾಗುತ್ತದೆ. ಓರೆಯಾಗಿ ಬಿದ್ದ ನಮ್ಮ ಬೆಳಕು ಅದೇ ಓರೆಯಲ್ಲಿ ಮುಂದಕ್ಕೆ ಜಾರಿಹೋಗುತ್ತದೆ. ಹೀಗಾಗಿ ನಮ್ಮ ಪಾಲಿಗೆ ರಸ್ತೆ ಕಪ್ಪು. ಎದುರಿನಿಂದ ಬರುವ ಕಾರಿನ ಬೆಳಕು ಮಾತ್ರ ಇದೇ ಕಾರಣಕ್ಕೆ ಎರಡು ಪಟ್ಟಾಗಿ, ಒಮ್ಮೆ ನೇರವಾಗಿಯೂ ಒಮ್ಮೆ ರಸ್ತೆಯಿಂದ ಪ್ರತಿಫಲಿಸಿಯೂ ನಮ್ಮ ಕಣ್ಣಿಗೆ ಚುಚ್ಚುತ್ತದೆ. ಬಿಳಿ ಗೆರೆಗಳೂ ನೀರಿನಡಿ ಸೇರಿದ್ದರಿಂದಲೇ ಮರೆಯಾಗಿವೆ. ಹೈಬೀಮ್ ಹಾಕಿದಾಗ ಬೆಳಕು ನಮ್ಮ ಕಣ್ಣೆತ್ತರದಲ್ಲಿ ಬೀಳುತ್ತಿರುವ ಹನಿಗಳಿಗೆ ತಾಗಿ ಹಿಂದಕ್ಕೆ ಚಿಮ್ಮುವುದರಿಂದ ಕಣ್ಣ ಮುಂದೆ ಬೆಳ್ಳಿಯ ಪರದೆ ಕಟ್ಟಿದಂತಾಗುತ್ತದೆ.

ಹೆಚ್ಚು ವಾಟ್‌ನ ಬಲ್ಬು ಹಾಕಿದರೆ ಈ ಲೆಕ್ಕ ಬದಲಾಗುವುದಿಲ್ಲ. ತಂತಿ, ಸಾಕೆಟ್ಟು, ಪ್ರತಿಫಲಕಗಳು ಬಿಸಿಯೇರುತ್ತವೆ, ಅಷ್ಟೇ. ಹ್ಯಾಲೊಜನ್ ಬಲ್ಬಿಗೆಂದೇ ಮಾಡಿದ ದೀಪದೊಳಗೆ ಎಲ್ಇಡಿ ತುರುಕುವುದು ಇನ್ನೂ ಕೆಟ್ಟದ್ದು. ಆ ಪ್ರತಿಫಲಕದ ಆಕಾರ ಹ್ಯಾಲೊಜನ್ ತಂತು ಇರುವ ನಿರ್ದಿಷ್ಟ ಜಾಗಕ್ಕೆ ಹೊಂದಿರುತ್ತದೆ. ಬೆಳಕು ಹೊರಡುವ ಜಾಗ ಸ್ವಲ್ಪ ಆಚೀಚೆಯಾದರೂ ಡಿಮ್ ದೀಪದ ಮೇಲಂಚು ಕಲಸಿಹೋಗಿ ಎದುರಿನವರ ಕಣ್ಣಿಗೆ ರಾಚುತ್ತದೆ.

ಅದರ ಬದಲು ಎರಡು ಗಾಜುಗಳನ್ನು ನೋಡಿ. ಮೊದಲನೆಯದು ಹೆಡ್‌ಲೈಟಿನ ಮುಂದಿನ ‘ಗಾಜು’; ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು, ಬಿಸಿಲಿನ ಅತಿನೇರಳೆ ಕಿರಣಗಳಿಗೆ ವರ್ಷಾನುಗಟ್ಟಲೆ ಒಡ್ಡಿಕೊಂಡು ಹಳದಿಯಾಗಿ ಮಬ್ಬಾಗುತ್ತದೆ. ಅದನ್ನು ಪಾಲಿಶ್ ಮಾಡಿಸಿದರೆ ಹೊಸ ಬಲ್ಬಿಗಿಂತ ಹೆಚ್ಚು ಬೆಳಕು ಸಿಗಬಹುದು. ಎರಡನೆಯದು ಮುಂಗಾಜಿನ ಒಳಮೈ. ಹೊರಗಡೆ ತೊಳೆಯುವವರು ಬಹಳ, ಒಳಗೆ ಕೂತ ಜಿಡ್ಡಿನ ತೆಳುಪದರವನ್ನು ಒರೆಸುವವರು ಕಡಿಮೆ. ಎದುರಿನ ಬೆಳಕು ಬಿದ್ದಾಗ ಇಡೀ ಗಾಜು ಹೊಳೆಯುವಂತೆ ಮಾಡುವುದು ಆ ಪದರವೇ. ಇದರ ಜೊತೆಗೆ, ಸ್ಟೀರಿಂಗಿನ ಆಸುಪಾಸಿನಲ್ಲಿ 0, 1, 2, 3 ಎಂದು ಬರೆದ ಪುಟ್ಟ ಚಕ್ರವೊಂದು ನಿಮ್ಮ ಕಾರಿನಲ್ಲಿರಬಹುದು. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರಿನ ಮೂತಿ ಮೇಲೆದ್ದು ಡಿಮ್ ದೀಪವೂ ಹೈಬೀಮಿನಂತಾಗುತ್ತದೆ. ಭಾರ ಹೆಚ್ಚಿದಷ್ಟೂ ದೊಡ್ಡ ಅಂಕಿಗೆ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಕಾರು ಕೊಂಡು ಹತ್ತು ವರ್ಷವಾದರೂ ಈ ಚಕ್ರವನ್ನು ಮುಟ್ಟದವರನ್ನು ನಾನು ನೋಡಿದ್ದೇನೆ.

ಇಷ್ಟಾದ ಮೇಲೂ ಉಳಿಯುವುದು ವೇಗದ ಪ್ರಶ್ನೆ. ಡಿಮ್ ದೀಪದಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು 50–60 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಅಡ್ಡಬಂದದ್ದನ್ನು ಕಂಡು ಬ್ರೇಕಿಗೆ ಕಾಲು ಹೋಗುವ ಒಂದೂವರೆ ಸೆಕೆಂಡಿನಲ್ಲೇ ಅದರಲ್ಲಿ 33 ಮೀಟರ್ ಮುಗಿದಿರುತ್ತದೆ.

ಪ್ರಶ್ನೆ: ಜೋರು ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ, ಅಂದರೆ ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವುದು ಸರಿಯೇ?

ಉತ್ತರ: ಸರಿಯಲ್ಲ. ಹಾಕುವವರ ಉದ್ದೇಶ ಒಳ್ಳೆಯದೇ ಆದರೂ ಫಲ ತಿರುಗುಮುರುಗಾಗುತ್ತದೆ. ಹಜಾರ್ಡ್ ಲೈಟಿನ ಅರ್ಥ ‘ಈ ವಾಹನ ನಿಂತಿದೆ, ಬಳಸಿಕೊಂಡು ಹೋಗಿ’ ಎಂದು. ಓಡುತ್ತಿರುವವರೂ ಅದನ್ನೇ ಹಾಕಿಕೊಂಡರೆ, ನಿಜಕ್ಕೂ ಕೆಟ್ಟು ನಿಂತ ವಾಹನವನ್ನು ಗುರುತಿಸುವುದು ಹೇಗೆ? ಬಹಳಷ್ಟು ಕಾರುಗಳಲ್ಲಿ ಹಜಾರ್ಡ್ ಮಿನುಗುತ್ತಿರುವಾಗ ಇಂಡಿಕೇಟರ್ ಕೆಲಸ ಮಾಡುವುದಿಲ್ಲವಾದ್ದರಿಂದ ನೀವು ಎತ್ತ ತಿರುಗುತ್ತೀರಿ ಎಂಬುದೂ ಯಾರಿಗೂ ತಿಳಿಯುವುದಿಲ್ಲ. ಮುಂದೆ ವಾಹನಗಳು ಥಟ್ಟನೆ ನಿಂತಿರುವುದನ್ನು ಹಿಂದಿನವರಿಗೆ ತಿಳಿಸಲು ಕೆಲವು ಕ್ಷಣ ಹಾಕುವುದು ಬೇರೆ ಮಾತು. ಏನೂ ಕಾಣದಷ್ಟು ಮಳೆ ಸುರಿಯುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ, ಆಮೇಲೆ ಹಾಕಿ.

ಕಾರಿನ ಹಿಂಬದಿಯ ಫಾಗ್ ಲ್ಯಾಂಪಿಗೂ, ಅಂದರೆ ದಟ್ಟ ಮಂಜಿನಲ್ಲಿ ಹಿಂದಿನವರಿಗೆ ಕಾಣಲೆಂದು ಇರುವ ಪ್ರಖರ ಕೆಂಪು ದೀಪಕ್ಕೂ, ಇದೇ ಎಚ್ಚರ ಬೇಕು. ಹಿಂಬದಿಯ ಸಾಮಾನ್ಯ ದೀಪದ ಬಲ್ಬು 5 ವಾಟ್‌ನದಾದರೆ ಇದರದು ಬ್ರೇಕ್ ಲೈಟಿನಷ್ಟೇ, ಅಂದರೆ 21 ವಾಟ್. ತೆಳು ಮಳೆಯಲ್ಲಿ ಇದನ್ನು ಉರಿಸಿಟ್ಟರೆ ನೀವು ಬ್ರೇಕ್ ಒತ್ತಿದ್ದು ಹಿಂದಿನವರಿಗೆ ಬೇರೆಯಾಗಿ ತೋರುವುದಿಲ್ಲ. 100 ಮೀಟರ್ ಆಚೆಗೆ ಕಾಣದಿದ್ದಾಗ ಮಾತ್ರ ಅದನ್ನು ಬಳಸಬೇಕೆಂಬ ಬ್ರಿಟನ್ನಿನ ನಿಯಮ ಒಳ್ಳೆಯ ಅಳತೆಗೋಲು.

ಪ್ರಶ್ನೆ: ಮಳೆಯಲ್ಲಿ ಮುಂಗಾಜಿನ ಒಳಗೆ ಮಂಜು ಕಟ್ಟುತ್ತದೆ. ಓಡಿಸುತ್ತಲೇ ಬಟ್ಟೆಯಿಂದ ಒರೆಸಿಕೊಳ್ಳುತ್ತೇನೆ.

ಉತ್ತರ: ಒರೆಸುವುದನ್ನು ಬಿಡಿ, ಒಂದು ಕೈ, ಎರಡೂ ಕಣ್ಣು ಆ ಹೊತ್ತಿಗೆ ರಸ್ತೆಯ ಮೇಲಿರುವುದಿಲ್ಲ. ನಮ್ಮ ಉಸಿರು ಮತ್ತು ಒದ್ದೆ ಬಟ್ಟೆಗಳ ತೇವ ತಣ್ಣಗಿನ ಗಾಜಿಗೆ ತಾಗಿ ನೀರಾಗುತ್ತದೆ. ಎಸಿ ಗಾಳಿಯನ್ನು ತಣ್ಣಗೆ ಮಾಡುವುದರ ಜೊತೆಗೆ ಅದರ ತೇವವನ್ನೂ ಹಿಂಡಿ ತೆಗೆಯುತ್ತದೆ. ಆದ್ದರಿಂದ ಎಸಿ ಹಾಕಿ, ಗಾಳಿಯನ್ನು ಮುಂಗಾಜಿಗೆ ತಿರುಗಿಸಿ, ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಬಂದ್ ಮಾಡಿ. ಚಳಿಯಾದರೆ ಬಿಸಿಗಾಳಿಯನ್ನೂ ಸೇರಿಸಬಹುದು.

ಪ್ರಶ್ನೆ: ಮಳೆಯಲ್ಲಿ ಮುಂದಿನ ವಾಹನದಿಂದ ಎಷ್ಟು ದೂರ ಇರಬೇಕು? ನಾನು ದೂರ ಬಿಟ್ಟರೆ ಮತ್ತೊಬ್ಬರು ನಡುವೆ ನುಗ್ಗುತ್ತಾರೆ.

ಉತ್ತರ: ಮೀಟರುಗಳ ಬದಲು ಸೆಕೆಂಡುಗಳಲ್ಲಿ ಎಣಿಸಿ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀವು ಅಲ್ಲಿಗೆ ತಲುಪಲು ಒಣರಸ್ತೆಯಲ್ಲಿ ಕನಿಷ್ಠ ಎರಡು ಸೆಕೆಂಡು ಹಿಡಿಯಬೇಕು, ಒದ್ದೆ ರಸ್ತೆಯಲ್ಲಿ ನಾಲ್ಕು. ಬಹುದಿನಗಳ ಬಿಸಿಲಿನ ನಂತರದ ಮೊದಲ ಮಳೆಯಲ್ಲಿ, ರಸ್ತೆಯ ಮೇಲಿನ ಎಣ್ಣೆ ಮತ್ತು ಧೂಳು ನೀರಿನೊಡನೆ ಕಲೆತು ಜಾರುವಾಗ, ಅದಕ್ಕಿಂತಲೂ ಹೆಚ್ಚು ಬಿಡಿ. ನಡುವೆ ನುಗ್ಗುವವರು ನುಗ್ಗಲಿ; ಮತ್ತೆ ಹಿಂದೆ ಸರಿದುಕೊಂಡರೆ ನೀವು ಕಳೆದುಕೊಳ್ಳುವುದು ಪ್ರತಿ ಸಲಕ್ಕೆ ಎರಡು ಮೂರು ಸೆಕೆಂಡು ಮಾತ್ರ.

ಹಿಂದಿನಿಂದ ಅಂಟಿಕೊಂಡು ಬರುವವರಿಗೂ ನೀವೇ ಸಮಯ ಮಾಡಿಕೊಡಬಹುದು. ಬ್ರೇಕನ್ನು ಮೊದಲು ಕೆಂಪು ದೀಪ ಹೊತ್ತುವಷ್ಟು ಮೆಲ್ಲನೆ ಒತ್ತಿ, ಆಮೇಲೆ ವೇಗ ಇಳಿಸಿ. ಹಳೆಯ ಮಾದರಿಯ ಬ್ರೇಕ್ ಬಲ್ಬು ಪೂರ್ತಿ ಬೆಳಗಲು ಎಲ್ಇಡಿಗಿಂತ ಸುಮಾರು 0.2 ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದಿನ ಕಾರು ಅಷ್ಟರಲ್ಲಿ 5 ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಹೊರಡುವ ಮೊದಲು ಆ ದೀಪಗಳ ಮೇಲೆ ಕೆಸರು ಮೆತ್ತಿದೆಯೇ ಎಂದು ನೋಡಿ, ಒಂದು ಬಟ್ಟೆಯಿಂದ ಒರೆಸಿಕೊಳ್ಳಿ.